ಇನ್ನೂರು ಸಲ ‘ಯು ನೋ’: ಕ್ಯಾರೋಲಿನ್ ಕೆನೆಡಿ ಪ್ರಕರಣ

ಮಾತಿನ ನಡುವೆ ಸುಮ್ನೆ ನುಸುಳುವ ಫಿಲ್ಲರ್ ಪದಗಳ ಬಗ್ಗೆ ಯಾರನ್ನೇ ಕೇಳಿ, ಸಿಗುವ ಸಲಹೆ ಒಂದೇ: ಆ ಪದ ಹೇಳಬೇಡಿ, ಆ ಜಾಗದಲ್ಲಿ ಸುಮ್ಮನಿರಿ. ಸಲಹೆ ತಪ್ಪೇನಲ್ಲ. ಆದರೆ ಆ ಪದ ಅಲ್ಲೇ ಯಾಕೆ ಬಂತು, ಇನ್ನೊಂದು ವಿಷಯ ಮಾತಾಡುವಾಗ ಯಾಕೆ ಬರಲಿಲ್ಲ ಎಂದು ಅದು ಕೇಳುವುದೇ ಇಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕಲು 2008ರ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಂದು ಪ್ರಕರಣ ತುಂಬಾ ಸಹಾಯ ಮಾಡುತ್ತದೆ. ಚೆನ್ನಾಗಿ ಓದಿಕೊಂಡ, ಪುಸ್ತಕ ಬರೆದ, ಎಲ್ಲರಿಗೂ ಪರಿಚಯವಿದ್ದ ಒಬ್ಬ ಮಹಿಳೆ ಕೆಲವೇ ದಿನಗಳಲ್ಲಿ ಒಂದಷ್ಟು ಸಂದರ್ಶನ ಕೊಟ್ಟರು. ಅವುಗಳಲ್ಲಿ ಅವರು ಹೇಳಿದ ವಿಷಯ ಜನರ ನೆನಪಿನಿಂದ ಹೋಗಿದೆ. ಎಷ್ಟು ಸಲ ‘ಯು ನೋ’ ಅಂದರು ಎನ್ನುವುದು ಮಾತ್ರ ಉಳಿದಿದೆ.

ನಡೆದದ್ದು

2008ರ ನವೆಂಬರಿನಲ್ಲಿ ಬರಾಕ್ ಒಬಾಮ ಅಮೆರಿಕದ ಅಧ್ಯಕ್ಷರಾಗಿ ಆಯ್ಕೆಯಾದರು. ಡಿಸೆಂಬರ್ 1ರಂದು ಹಿಲರಿ ಕ್ಲಿಂಟನ್ ಅವರ ಹೆಸರನ್ನು ವಿದೇಶಾಂಗ ಸಚಿವರ ಹುದ್ದೆಗೆ ಪ್ರಕಟಿಸಿದರು. ಹಿಲರಿ ಆಗ ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಪ್ರತಿನಿಧಿ, ಅಂದರೆ ಸೆನೆಟರ್. ಅವರು ಸಚಿವರಾದರೆ ಆ ಸೀಟು ಖಾಲಿ. ಅದಕ್ಕೆ ಒಬ್ಬರನ್ನು ನೇಮಿಸುವ ಅಧಿಕಾರ ರಾಜ್ಯದ ಗವರ್ನರ್ ಡೇವಿಡ್ ಪ್ಯಾಟರ್ಸನ್ ಅವರದ್ದು. ಸದ್ಯಕ್ಕೆ ಚುನಾವಣೆ ಇಲ್ಲ, ಪ್ರಚಾರ ಇಲ್ಲ. ಅವರೊಬ್ಬರು ಹೂಂ ಅಂದರೆ ಆಯಿತು.

ಡಿಸೆಂಬರ್ ಮಧ್ಯದಲ್ಲಿ ಕ್ಯಾರೋಲಿನ್ ಕೆನೆಡಿ ಆ ಸೀಟಿನ ಮೇಲೆ ಆಸಕ್ತಿ ಇದೆ ಎಂದು ತಿಳಿಸಿದರು. ಇವರು ಅಧ್ಯಕ್ಷ ಜಾನ್ ಎಫ್. ಕೆನೆಡಿಯವರ ಮಗಳು. 1963ರ ನವೆಂಬರಿನಲ್ಲಿ ತಂದೆಯ ಹತ್ಯೆಯಾದಾಗ ಆಕೆಗೆ ಆರು ವರ್ಷವೂ ತುಂಬಿರಲಿಲ್ಲ. ಚಿಕ್ಕಪ್ಪ ರಾಬರ್ಟ್ ಕೆನೆಡಿ 1965ರಿಂದ 1968ರಲ್ಲಿ ಹತ್ಯೆಯಾಗುವವರೆಗೆ ಇದೇ ಸೀಟಿನಲ್ಲಿ ಇದ್ದವರು. ಆಕೆಗೆ ಇದ್ದದ್ದು ಮನೆತನದ ಹೆಸರೊಂದೇ ಅಂದುಕೊಂಡರೆ ತಪ್ಪಾಗುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದವರು. ಅಮೆರಿಕದ ಪ್ರಜೆಗಳ ಮೂಲ ಹಕ್ಕುಗಳ ಬಗ್ಗೆ, ಖಾಸಗಿತನದ ಹಕ್ಕಿನ ಬಗ್ಗೆ ಗೆಳತಿಯೊಬ್ಬರ ಜೊತೆ ಸೇರಿ ಪುಸ್ತಕ ಬರೆದವರು. 2002ರಿಂದ 2004ರವರೆಗೆ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗಾಗಿ ಕೆಲಸ ಮಾಡಿ 6 ಕೋಟಿ ಡಾಲರಿಗೂ ಹೆಚ್ಚು ದೇಣಿಗೆ ತರಲು ನೆರವಾದರು. ಅದಕ್ಕೆ ತೆಗೆದುಕೊಂಡ ಸಂಬಳ 1 ಡಾಲರ್. 2008ರ ಜನವರಿಯಲ್ಲಿ ಒಬಾಮ ಅವರನ್ನು ಬೆಂಬಲಿಸಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಲೇಖನ ಬರೆದಿದ್ದರು. ಉಪಾಧ್ಯಕ್ಷ ಅಭ್ಯರ್ಥಿಯನ್ನು ಹುಡುಕುವ ಸಮಿತಿಯಲ್ಲೂ ಇದ್ದರು.

ಇಲ್ಲದೇ ಇದ್ದದ್ದು ಒಂದೇ ಅನುಭವ. ಆಕೆ ಯಾವ ಚುನಾವಣೆಗೂ ನಿಂತವರಲ್ಲ. ಪತ್ರಕರ್ತರ ಎದುರು ಕೂತು ಎಡಬಿಡದೆ ಪ್ರಶ್ನೆ ಎದುರಿಸಿದ ಅಭ್ಯಾಸ ಇರಲಿಲ್ಲ. ಬಾಲ್ಯದಿಂದಲೂ ಕ್ಯಾಮೆರಾಗಳು ಬೆನ್ನು ಹತ್ತಿದ್ದರಿಂದ ಅವುಗಳಿಂದ ದೂರ ಇರುವುದನ್ನೇ ಕಲಿತವರು. ಅದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ.

ಮೊದಲ ವಾರ ಆಕೆ ಸಿರಾಕ್ಯೂಸ್, ರಾಚೆಸ್ಟರ್, ಬಫಲೊ ಊರುಗಳಿಗೆ ಹೋಗಿ ಬಂದರು. ಪತ್ರಕರ್ತರಿಗೆ ಕೊಟ್ಟದ್ದು ತೀರಾ ಕಡಿಮೆ ಸಮಯ. ‘ಸೆನೆಟರ್ ಆಗಬೇಕಂತೆ, ಪ್ರಶ್ನೆಗೆ ಉತ್ತರ ಕೊಡಲ್ವಂತೆ’ ಎಂಬ ಟೀಕೆ ಜೋರಾಯಿತು. ಆಮೇಲೆ ಕ್ರಿಸ್‌ಮಸ್ ಮುಗಿದ ಕೂಡಲೇ ಒಂದರ ಹಿಂದೆ ಒಂದು ಸಂದರ್ಶನ: ಅಸೋಸಿಯೇಟೆಡ್ ಪ್ರೆಸ್, ಎನ್‌ವೈ1 ಟಿವಿ ವಾಹಿನಿ, ನ್ಯೂಯಾರ್ಕ್ ಟೈಮ್ಸ್, ಡೈಲಿ ನ್ಯೂಸ್. ಯಾವುದಕ್ಕೂ ನಡುವೆ ಬಿಡುವು ಇಲ್ಲ. ಮೊದಲನೆಯದನ್ನು ಕೇಳಿಸಿಕೊಂಡು ಎರಡನೆಯದನ್ನು ಸುಧಾರಿಸಿಕೊಳ್ಳುವಷ್ಟು ಸಮಯವೂ ಉಳಿಯಲಿಲ್ಲ.

ಡೈಲಿ ನ್ಯೂಸ್ ಜೊತೆಗಿನ ಸುಮಾರು ಅರ್ಧ ಗಂಟೆಯ ಮಾತಿನಲ್ಲಿ 200ಕ್ಕೂ ಹೆಚ್ಚು ಸಲ ‘ಯು ನೋ’ ಬಂತೆಂದು ವರದಿಯಾಯಿತು. ಲೆಕ್ಕ ಹಾಕಿ ನೋಡಿ, ನಿಮಿಷಕ್ಕೆ ಆರೇಳು ಸಲ. ನ್ಯೂಯಾರ್ಕ್ ಟೈಮ್ಸ್ ಸಂದರ್ಶನದಲ್ಲೂ ಎಣಿಕೆ 100 ದಾಟಿತ್ತು. ಟಿವಿ ಸಂದರ್ಶನದ ತುಣುಕುಗಳು ಇಂಟರ್ನೆಟ್‌ನಲ್ಲಿ ಹರಿದಾಡಿದವು. ಮುಂದಿನ ವಾರಗಳ ಸಮೀಕ್ಷೆಗಳಲ್ಲಿ ರಾಜ್ಯದ ಅಟಾರ್ನಿ ಜನರಲ್ ಆಂಡ್ರ್ಯೂ ಕ್ಯುಮೊ ಮುಂದೆ ಹೋದರು. 2009ರ ಜನವರಿ 22ರ ನಸುಕಿನಲ್ಲಿ ಕ್ಯಾರೋಲಿನ್ ವೈಯಕ್ತಿಕ ಕಾರಣ ಹೇಳಿ ಹಿಂದೆ ಸರಿದರು. ಮಾರನೇ ದಿನ ಪ್ಯಾಟರ್ಸನ್ ಆ ಸೀಟಿಗೆ ಕರ್ಸ್ಟನ್ ಜಿಲಿಬ್ರಾಂಡ್ ಅವರನ್ನು ಹೆಸರಿಸಿದರು.

‘ಯು ನೋ’ದಿಂದಲೇ ಸೀಟು ಹೋಯಿತು ಅನ್ನುವುದು ಸರಿಯಲ್ಲ. 1988ರಿಂದೀಚೆಗೆ ಹಲವು ಚುನಾವಣೆಗಳಲ್ಲಿ ಆಕೆ ಮತ ಹಾಕಿರಲಿಲ್ಲ ಎಂಬುದು ಅದೇ ದಿನಗಳಲ್ಲಿ ಹೊರಬಂತು. ಮನೆತನದ ಹೆಸರಿನಿಂದ ಸೀಟು ಕೇಳುತ್ತಿದ್ದಾರೆ ಎಂಬ ಅಸಮಾಧಾನವೂ ಇತ್ತು. ಆದರೆ ಇವೆಲ್ಲವೂ ಜನರ ಬಾಯಲ್ಲಿ ಬಂದು ನಿಂತದ್ದು ಆ ಎರಡು ಪದಗಳ ರೂಪದಲ್ಲೇ.

ಕಿವಿಗೆ ಕೇಳದ್ದು ಕಣ್ಣಿಗೆ ಕಂಡಿತು

ಎದುರು ಬದುರು ಕೂತು ಮಾತಾಡುವಾಗ ನಾವು ಫಿಲ್ಲರ್ ಪದಗಳನ್ನು ಅಷ್ಟಾಗಿ ಗಮನಿಸುವುದಿಲ್ಲ. ನಮ್ಮ ಗಮನ ವಿಷಯದ ಕಡೆ ಇರುತ್ತದೆ. ಪತ್ರಿಕೆಗಳೂ ಸಾಮಾನ್ಯವಾಗಿ ಇಂಥ ಪದಗಳನ್ನು ತೆಗೆದುಹಾಕಿಯೇ ಮಾತನ್ನು ಅಚ್ಚು ಹಾಕುತ್ತವೆ. ಮಂತ್ರಿಯೊಬ್ಬರ ಹೇಳಿಕೆ ಪೇಪರಿನಲ್ಲಿ ನೀಟಾಗಿ ಬಂದಿದ್ದರೆ ಅವರು ಹಾಗೇ ಹೇಳಿದ್ದರು ಎಂದಲ್ಲ. ವರದಿಗಾರರು ಸರಿಪಡಿಸಿರುತ್ತಾರೆ, ಅಷ್ಟೇ.

ಈ ಪ್ರಕರಣದಲ್ಲಿ ಆ ರಕ್ಷಣೆ ಇರಲಿಲ್ಲ. ನ್ಯೂಯಾರ್ಕ್ ಟೈಮ್ಸ್ ಸಂದರ್ಶನದ ಮಾತುಗಳನ್ನು ಇದ್ದದ್ದು ಇದ್ದ ಹಾಗೆ ಬರಹದಲ್ಲಿ ಪ್ರಕಟಿಸಿತು. ಬರಹಕ್ಕೆ ಇಳಿದ ಫಿಲ್ಲರ್ ಕಿವಿಗೆ ಕೇಳಿದ್ದಕ್ಕಿಂತ ಎಷ್ಟೋ ಪಟ್ಟು ಕಟುವಾಗಿ ಕಾಣುತ್ತದೆ. ಮಾತಿನ ಧಾಟಿ, ಮುಖ, ಕೈ ಸನ್ನೆ ಯಾವುದೂ ಅಲ್ಲಿಲ್ಲ. ಪದ ಮಾತ್ರ ಉಳಿಯುತ್ತದೆ. ಟಿವಿ ತುಣುಕಿನಲ್ಲಿ ಆದದ್ದೂ ಇದೇ. ಒಂದೇ ಪದ ಬರುವ ಜಾಗಗಳನ್ನಷ್ಟೇ ಕತ್ತರಿಸಿ ಹತ್ತಿರ ಹತ್ತಿರ ಅಂಟಿಸಿದರೆ ಯಾರ ಮಾತಾದರೂ ಸಹಿಸಲಾಗದು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇವತ್ತು ಇದು ನಮಗೆಲ್ಲ ಅನ್ವಯಿಸುತ್ತದೆ. ಆನ್‌ಲೈನ್ ಮೀಟಿಂಗ್ ಮುಗಿಯುವ ಮೊದಲೇ ಮಾತು ಬರಹವಾಗಿ ಇನ್‌ಬಾಕ್ಸಿಗೆ ಬಂದಿರುತ್ತದೆ. ಕೆಲಸದ ಸಂದರ್ಶನ ರೆಕಾರ್ಡ್ ಆಗಿರುತ್ತದೆ. 2008ರಲ್ಲಿ ಒಬ್ಬ ಕೆನೆಡಿಗೆ ಆದದ್ದು ಈಗ ಯಾವ ಉದ್ಯೋಗಿಗಾದರೂ ಆಗಬಹುದು.

ಒಂದೇ ಓಟಿನ ಚುನಾವಣೆ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕಾನೂನು ಓದಿದ, ಹಕ್ಕುಗಳ ಬಗ್ಗೆ ಪುಸ್ತಕ ಬರೆದ ಇವರಿಗೆ ಇಲ್ಲಿ ಮಾತು ಯಾಕೆ ತಡವರಿಸಿತು?

1991ರಲ್ಲಿ ಮನಃಶಾಸ್ತ್ರಜ್ಞ ಸ್ಟ್ಯಾನ್ಲಿ ಶ್ಯಾಕ್ಟರ್ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ಬೆಳಕು ಕೊಡುತ್ತದೆ. ಅವರು ಕಾಲೇಜಿನ ಪಾಠಗಳಲ್ಲಿ ಪ್ರಾಧ್ಯಾಪಕರು ಎಷ್ಟು ಸಲ ‘ಅಂ’, ‘ಅಹ್’ ಅನ್ನುತ್ತಾರೆ ಎಂದು ಎಣಿಸಿದರು. ವಿಜ್ಞಾನದ ಪಾಠಗಳಲ್ಲಿ ಎಲ್ಲಕ್ಕಿಂತ ಕಡಿಮೆ. ಸಮಾಜ ವಿಜ್ಞಾನದಲ್ಲಿ ಜಾಸ್ತಿ. ಸಾಹಿತ್ಯ, ಕಲೆ ಮುಂತಾದ ಮಾನವಿಕ ವಿಷಯಗಳಲ್ಲಿ ಇನ್ನೂ ಜಾಸ್ತಿ. ಹಾಗಾದರೆ ವಿಜ್ಞಾನದ ಮೇಷ್ಟ್ರುಗಳು ಒಳ್ಳೆಯ ಮಾತುಗಾರರೇ? ಇಲ್ಲ. ಎಲ್ಲರಿಗೂ ಪಾಠದ ಹೊರಗಿನ ಒಂದೇ ವಿಷಯ ಕೊಟ್ಟು ಮಾತಾಡಿಸಿದಾಗ ಆ ವ್ಯತ್ಯಾಸ ಉಳಿಯಲಿಲ್ಲ. ಅವರ ವಿವರಣೆ ಹೀಗಿತ್ತು: ಒಂದು ಸಂಗತಿಯನ್ನು ಹೇಳಲು ಇರುವ ದಾರಿಗಳು ಹೆಚ್ಚಾದಷ್ಟೂ ತಡವರಿಕೆ ಹೆಚ್ಚು. ನೀರಿನ ಸೂತ್ರ ಹೇಳಲು ಇರುವುದು ಒಂದೇ ದಾರಿ. ಒಂದು ಕವಿತೆ ಯಾಕೆ ಚೆನ್ನಾಗಿದೆ ಎಂದು ಹೇಳಲು ಹತ್ತಾರು ದಾರಿ. ಪ್ರತಿ ಹೆಜ್ಜೆಯಲ್ಲೂ ಆರಿಸಿಕೊಳ್ಳಬೇಕು.

ಕ್ಯಾರೋಲಿನ್ ಅವರ ಮುಂದೆ ಇದ್ದ ಪ್ರಶ್ನೆ ‘ನಿಮಗೆ ಈ ಸೀಟು ಯಾಕೆ ಬೇಕು?’ ಇದಕ್ಕೆ ಉತ್ತರ ಹೇಳುವಾಗ ಅವರು ಎಷ್ಟು ಜನರ ಮನಸ್ಸು ಕಾಯಬೇಕಿತ್ತು ನೋಡಿ. ನಿರ್ಧಾರ ಮಾಡುವವರು ಪ್ಯಾಟರ್ಸನ್ ಒಬ್ಬರೇ. ಅವರ ಮೇಲೆ ಒತ್ತಡ ಹಾಕಿದಂತೆ ಕಾಣಬಾರದು. ಸೀಟು ನನ್ನದೇ ಅನ್ನುವ ಧೋರಣೆ ಕಾಣಬಾರದು, ಬೇಡ ಅನ್ನುವ ಹಾಗೂ ಕಾಣಬಾರದು. ಬಿಟ್ಟು ಹೋಗುತ್ತಿರುವ ಹಿಲರಿ ವಿರುದ್ಧ, ಅಧ್ಯಕ್ಷ ಅಭ್ಯರ್ಥಿಯಾಗುವ ಪೈಪೋಟಿಯಲ್ಲಿ, ಅದೇ ವರ್ಷ ಒಬಾಮ ಪರ ನಿಂತಿದ್ದರು, ಆ ಗಾಯ ಕೆದಕಬಾರದು. ಪೈಪೋಟಿಯಲ್ಲಿದ್ದ ಕ್ಯುಮೊ ಆಕೆಯ ಚಿಕ್ಕಪ್ಪನ ಮಗಳ ಮಾಜಿ ಪತಿ, ಅಲ್ಲೂ ಹುಷಾರಾಗಿರಬೇಕು. ಅಪ್ಪನ ಹೆಸರು ಎತ್ತಿದರೆ ಮನೆತನದ ದೊಡ್ಡಸ್ತಿಕೆ ಅನ್ನುತ್ತಾರೆ, ಎತ್ತದಿದ್ದರೆ ಹೇಳಿಕೊಳ್ಳಲು ಇನ್ನೇನಿದೆ ಅನ್ನುತ್ತಾರೆ. ಪ್ರತಿ ವಾಕ್ಯದ ಮಧ್ಯೆ ನಾಲ್ಕು ದಾರಿ, ನಾಲ್ಕರಲ್ಲೂ ಮುಳ್ಳು. ವಾಕ್ಯ ಶುರುವಾಗುತ್ತದೆ, ಅರ್ಧಕ್ಕೆ ಬ್ರೇಕ್ ಬೀಳುತ್ತದೆ, ಆ ಬಿಡುವಿನಲ್ಲಿ ‘ಯು ನೋ’.

ಹೆಚ್ಚು ಹರಿದಾಡಿದ ಒಂದು ತುಣುಕನ್ನು ಗಮನಿಸಿದರೆ ಇದು ಕಣ್ಣಿಗೇ ಕಾಣುತ್ತದೆ. ಅದರಲ್ಲಿ ಆಕೆ ದೇಶದ ಸಮಸ್ಯೆಗಳ ಪಟ್ಟಿ ಕೊಡುತ್ತಾರೆ. ಆರ್ಥಿಕ ಸ್ಥಿತಿ, ಆರೋಗ್ಯ ಸೇವೆ, ಕೆಲಸ ಕಳೆದುಕೊಳ್ಳುತ್ತಿರುವ ಜನ. ಸಾಲು ಸಾಲಾಗಿ ‘ಯು ನೋ’ ಉದುರುವುದು ಆ ಪಟ್ಟಿಯ ನಡುವೆಯೇ. 2008ರ ಡಿಸೆಂಬರಿನಲ್ಲಿ ಆ ಪಟ್ಟಿಯನ್ನು ಅಮೆರಿಕದ ಯಾವ ರಾಜಕಾರಣಿಯಾದರೂ ಹೇಳುತ್ತಿದ್ದರು. ಅದು ಆಕೆಯ ಸ್ವಂತ ಉತ್ತರ ಆಗಿರಲಿಲ್ಲ. ಸ್ವಂತ ಉತ್ತರ ಬರುವವರೆಗೆ ಜಾಗ ತುಂಬುತ್ತಿದ್ದ ಮಾತು. ನನ್ನ ಪ್ರಕಾರ ಈ ಪ್ರಕರಣದ ತಿರುಳು ಇದು. ಪಟ್ಟಿಯೇ ಒಂದು ದೊಡ್ಡ ಫಿಲ್ಲರ್. ‘ಯು ನೋ’ ಅದರೊಳಗಿನ ಚಿಕ್ಕ ಫಿಲ್ಲರ್. ಚಿಕ್ಕದನ್ನು ಎಲ್ಲರೂ ಎಣಿಸಿದರು. ದೊಡ್ಡದನ್ನು ಯಾರೂ ಎಣಿಸಲಿಲ್ಲ.

ಟೈಮ್ಸ್ ಪತ್ರಕರ್ತರು, ಈ ನಿರ್ಧಾರ ಯಾವ ಗಳಿಗೆಯಲ್ಲಿ ಮಾಡಿದಿರಿ ಎಂದು ಕೇಳಿದಾಗ, ನೀವು ಮಹಿಳಾ ಪತ್ರಿಕೆಗೆ ಬರೆಯುವ ಯೋಚನೆ ಮಾಡಿದ್ದೀರಾ ಎಂಬ ಧಾಟಿಯಲ್ಲಿ ಆಕೆ ತಿರುಗಿ ಕೇಳಿದರು. ಚೂಪಾದ ಮಾತು, ಅದರಲ್ಲಿ ‘ಯು ನೋ’ ಇರಲಿಲ್ಲ. ಬೇಡ ಅನ್ನಿಸಿದ್ದನ್ನು ಹೇಳುವಾಗ ನಾಲಿಗೆ ಸಲೀಸಾಗಿ ಹೊರಳಿತು. ಅಂದಮೇಲೆ ಸಮಸ್ಯೆ ನಾಲಿಗೆಯಲ್ಲಿ ಇರಲಿಲ್ಲ ಅಲ್ವಾ?

ಎಲ್ಲ ಫಿಲ್ಲರ್ ಒಂದೇ ಜಾತಿಯಲ್ಲ

2002ರಲ್ಲಿ ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ ಇಂಗ್ಲಿಷ್ ಮಾತಿನ ‘ಅಹ್’ ಮತ್ತು ‘ಅಂ’ ಶಬ್ದಗಳನ್ನು ಪರಿಶೀಲಿಸಿದರು. ‘ಅಹ್’ ಬಂದರೆ ಸಣ್ಣ ತಡ, ‘ಅಂ’ ಬಂದರೆ ದೊಡ್ಡ ತಡ ಎಂದು ಕೇಳುಗರಿಗೆ ಸೂಚನೆ ಸಿಗುತ್ತದೆ ಎಂಬುದು ಅವರ ವಾದ. ಇಂಥವು ಕೇಳುವವರಿಗೆ ಉಪಯೋಗಕ್ಕೇ ಬರುತ್ತವೆ. ‘ಸ್ವಲ್ಪ ಇರಿ, ಬರ್ತಾ ಇದೆ’ ಅಂದಂತೆ. ‘ಯು ನೋ’ ಬೇರೆ ಕೆಲಸ ಮಾಡುತ್ತದೆ. ಅದು ಕೇಳುವವರನ್ನು ಒಳಗೆ ಎಳೆದುಕೊಳ್ಳುತ್ತದೆ, ನಿಮಗೂ ಇದು ಗೊತ್ತಲ್ಲ ಎಂದು ಅವರ ಒಪ್ಪಿಗೆ ಕೇಳುತ್ತದೆ. ಗೆಳತಿಯ ಜೊತೆ ಕಾಫಿ ಕುಡಿಯುವಾಗ ಅದು ಆತ್ಮೀಯತೆ. ನಿಮ್ಮ ಅರ್ಹತೆ ಏನು ಎಂದು ಕೇಳುತ್ತಿರುವ ಪತ್ರಕರ್ತರ ಮುಂದೆ ಅದು ತಿರುಗಿ ಬಡಿಯುತ್ತದೆ. ಕೆನೆಡಿ ಎಂಬ ಹೆಸರೇ ಸಾಕೆಂದುಕೊಂಡಿದ್ದಾರೆ ಎಂಬ ಗುಮಾನಿ ಆಗಲೇ ಇದ್ದವರಿಗೆ ಅದು ಇನ್ನೂ ಜೋರಾಗಿ ಕೇಳಿಸಿರಬೇಕು.

ಏನು ಮಾಡಬಹುದಿತ್ತು

ಆಕೆಗೆ ಹೆಚ್ಚು ಸಮಯ ಇರಲಿಲ್ಲ, ನಿಜ. ಆದರೂ ಸಂದರ್ಶನಗಳಿಗೆ ಮುಂಚಿನ ಹತ್ತು ದಿನಗಳಲ್ಲಿ ಸಾಕಷ್ಟು ಆಗುತ್ತಿತ್ತು.

ಮೊದಲ ಕೆಲಸ ಉತ್ತರದ್ದು. ಎಲ್ಲಿ ಹೋದರೂ ಬಂದೇ ಬರುವ ಪ್ರಶ್ನೆಗಳು ಮೂರು: ಯಾಕೆ ಬೇಕು, ಇಲ್ಲಿವರೆಗೆ ಏನು ಮಾಡಿದ್ದೀರಿ, ಮತ ಯಾಕೆ ಹಾಕಲಿಲ್ಲ. ಮೂರಕ್ಕೂ ಮೊದಲ ವಾಕ್ಯವನ್ನು ನಿರ್ಧರಿಸಿಕೊಳ್ಳಬೇಕಿತ್ತು. ಪೂರ್ತಿ ಉತ್ತರ ಬಾಯಿಪಾಠ ಮಾಡಿದರೆ ಗಿಳಿಪಾಠ ಅನ್ನಿಸುತ್ತದೆ, ಹಾಗಾಗಿ ಮೊದಲ ವಾಕ್ಯ ಮಾತ್ರ. ಶಾಲೆಗಳ ಕೆಲಸದ ವಿಷಯದಲ್ಲಿ ಆಕೆಯ ಕೈಯಲ್ಲಿ ಒಳ್ಳೆಯ ವಾಕ್ಯವೇ ಇತ್ತು: ಎರಡು ವರ್ಷ ಈ ನಗರದ ಶಾಲೆಗಳಿಗೆ ದುಡಿದೆ, ಇಷ್ಟು ಹಣ ತಂದೆ, ಅದರಿಂದ ಇಂಥದ್ದು ಆಯಿತು. ಇಸವಿ, ಮೊತ್ತ, ಕೆಲಸ. ಇಲ್ಲಿ ಆರಿಸಿಕೊಳ್ಳುವುದೇನೂ ಉಳಿಯುವುದಿಲ್ಲ. ಆ ಪ್ರಾಧ್ಯಾಪಕರ ಅಧ್ಯಯನದ ಪ್ರಕಾರ ಫಿಲ್ಲರ್ ಕಡಿಮೆ ಬರುವ ಜಾಗ ಇದೇ. ಮತ ಹಾಕದ ಪ್ರಶ್ನೆಗೂ ಹಾಗೆಯೇ. ‘ಹೌದು, ಹಾಕಬೇಕಿತ್ತು, ಹಾಕಲಿಲ್ಲ’ ಎಂದು ನಿಂತುಬಿಟ್ಟರೆ ಮುಂದೆ ತಡವರಿಸಲು ವಾಕ್ಯವೇ ಇರುವುದಿಲ್ಲ.

ಎರಡನೆಯದು ಕಿವಿಯ ಕೆಲಸ. ನಮ್ಮ ಫಿಲ್ಲರ್ ನಮಗೆ ಕೇಳಿಸುವುದಿಲ್ಲ. ಇದೇ ದೊಡ್ಡ ತೊಡಕು. ಉಗುರು ಕಚ್ಚುವುದು, ಮುಖದ ಸೆಳೆತ ಇಂಥ ಅಭ್ಯಾಸಗಳನ್ನು ಬಿಡಿಸಲು 1973ರಲ್ಲಿ ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ ಒಂದು ವಿಧಾನವನ್ನು ಪ್ರಕಟಿಸಿದ್ದರು. ಅಭ್ಯಾಸ ನಡೆಯುವ ಗಳಿಗೆಯನ್ನು ಮೊದಲು ಗುರುತಿಸಲು ಕಲಿಯುವುದು, ಆಮೇಲೆ ಆ ಜಾಗದಲ್ಲಿ ಬೇರೆ ಏನಾದರೂ ಮಾಡುವುದು. 2016ರಲ್ಲಿ ಕ್ಯಾರೊಲಿನ್ ಮನ್ಕೂಸೊ ಮತ್ತು ರೇಮಂಡ್ ಮಿಲ್ಟನ್‌ಬರ್ಗರ್ ಇದೇ ವಿಧಾನವನ್ನು ಭಾಷಣದ ಫಿಲ್ಲರ್‌ಗಳ ಮೇಲೆ ಪ್ರಯೋಗಿಸಿದರು. ಅದು ಆರು ಜನ ವಿದ್ಯಾರ್ಥಿಗಳ ಚಿಕ್ಕ ಪ್ರಯೋಗ. ತಮ್ಮದೇ ಭಾಷಣದ ವಿಡಿಯೋ ನೋಡಿ ಫಿಲ್ಲರ್ ಬಂದ ಕಡೆಯೆಲ್ಲ ಗುರುತಿಸುವುದು, ಮಾತಾಡುವಾಗಲೇ ಅದನ್ನು ಹಿಡಿಯುವುದು, ಆ ಜಾಗದಲ್ಲಿ ಸುಮ್ಮನಿರುವುದು. ಆರೂ ಜನರಲ್ಲಿ ಫಿಲ್ಲರ್ ಕಡಿಮೆಯಾಯಿತು. ನಂತರದ ಕೆಲವು ಅಧ್ಯಯನಗಳಲ್ಲಿ ಗುರುತಿಸಲು ಕಲಿಸಿದ್ದಷ್ಟರಿಂದಲೇ ಒಳ್ಳೆಯ ಪರಿಣಾಮ ಕಂಡುಬಂತು. ಭಾಷಣ ಅಭ್ಯಾಸ ಮಾಡುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳಲ್ಲಿ ಫಿಲ್ಲರ್ ಎಣಿಸಲು ಪ್ರತಿ ಸಭೆಯಲ್ಲೂ ಒಬ್ಬರನ್ನು ಕೂರಿಸುವುದು ಇದೇ ನಂಬಿಕೆಯಿಂದ. ಬೆಂಗಳೂರಿನಲ್ಲಿ ಇಂಥ ಕ್ಲಬ್‌ಗಳು ಬೇಕಾದಷ್ಟಿವೆ. ಹೋಗಿ ಒಂದು ಸಲ ಎಣಿಸುವ ಕೆಲಸ ನೀವೇ ಕೇಳಿ ಪಡೆಯಿರಿ. ಬೇರೆಯವರದ್ದು ಎಣಿಸಿದ ಮೇಲೆ ನಿಮ್ಮದು ಕೇಳಿಸತೊಡಗುತ್ತದೆ.

ಎಣಿಸುವಾಗ ಸಂಖ್ಯೆಗಿಂತ ಜಾಗ ಮುಖ್ಯ. ಉತ್ತರದ ಶುರುವಿನಲ್ಲೇ ಬಂದರೆ ಪ್ರಶ್ನೆ ಮುಗಿದ ಕೂಡಲೇ ಬಾಯಿ ತೆರೆಯುತ್ತಿದ್ದೀರಿ ಎಂದರ್ಥ, ಒಂದು ಉಸಿರು ತೆಗೆದುಕೊಂಡರೆ ಸಾಕು. ಹೆಸರು ಅಥವಾ ಅಂಕಿಯ ಮುಂಚೆ ಬಂದರೆ ತಯಾರಿ ಕಡಿಮೆ. ವಾಕ್ಯದ ತುಂಡು ತುಂಡುಗಳ ನಡುವೆ ಬಂದರೆ ವಾಕ್ಯ ಮುಗಿಸುವ ಧೈರ್ಯ ಇಲ್ಲ, ಉದ್ದ ಎಳೆಯುತ್ತಿದ್ದೀರಿ. ಅಲ್ಲಿ ಪೂರ್ಣವಿರಾಮ ಹಾಕಬೇಕು. ಹೆಚ್ಚು ಹರಿದಾಡಿದ ತುಣುಕಿನಲ್ಲಿ ಕ್ಯಾರೋಲಿನ್ ಅವರದ್ದು ಈ ಕೊನೆಯ ಜಾತಿ.

ಸುಮ್ಮನಿರುವುದು ಯಾಕೆ ಇಷ್ಟು ಕಷ್ಟ ಅನ್ನುವುದಕ್ಕೂ ಕಾರಣ ಇದೆ. 2009ರಲ್ಲಿ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದ ಅಧ್ಯಯನದಲ್ಲಿ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವಿನ ಸರಾಸರಿ ಅಂತರ ಒಂದು ಸೆಕೆಂಡಿನ ಸುಮಾರು ಐದನೇ ಒಂದು ಭಾಗ. ಅಷ್ಟು ಚುರುಕಿನ ಲಯಕ್ಕೆ ಒಗ್ಗಿದವರಿಗೆ ಒಂದು ಸೆಕೆಂಡಿನ ಮೌನ ಒಂದು ಯುಗ. ಕೇಳುವವರಿಗೆ ಹಾಗೆ ಅನ್ನಿಸುವುದಿಲ್ಲ ಎಂಬುದನ್ನು ರೆಕಾರ್ಡಿಂಗ್ ಕೇಳಿಯೇ ನಂಬಬೇಕು.

ಕನ್ನಡದಲ್ಲಿ ಇದು ಬೇರೆ ವೇಷದಲ್ಲಿ ಬರುತ್ತದೆ

ಈ ಪ್ರಕರಣ ಓದಿ ಕನ್ನಡದವರು ‘ಯು ನೋ’ ಹುಡುಕಿದರೆ ಉಪಯೋಗವಿಲ್ಲ. ನಮ್ಮ ‘ಅಂದ್ರೆ’, ‘ಏನಪ್ಪಾ ಅಂದ್ರೆ’, ‘ಒಂಥರಾ’, ‘ಆಕ್ಚುಲಿ’, ‘ಬೇಸಿಕಲಿ’ ಎಲ್ಲರಿಗೂ ಗೊತ್ತು. ಗುರುತಿಸಲು ಕಷ್ಟವಾದವು ಬೇರೆ ಇವೆ. ಒಂದು, ಕೊನೆಯ ಸ್ವರ ಎಳೆಯುವುದು: ‘ನಾನು ಅಲ್ಲಿಗೆ ಹೋಗೀಈಈ, ಅವರನ್ನ ಕೇಳೀಈಈ’. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ‘ಹೋಗಿ, ಬಂದು, ನೋಡಿ, ಮಾಡಿ’ ಎಂದು ವಾಕ್ಯವನ್ನು ಎಷ್ಟು ದೂರ ಬೇಕಾದರೂ ಎಳೆಯಬಹುದು. ಎಣಿಸುವವರಿಗೆ ಇದು ಸಿಗುವುದಿಲ್ಲ, ಯಾಕೆಂದರೆ ಪದಗಳೆಲ್ಲ ಅರ್ಥ ಇರುವ ಪದಗಳೇ. ಇನ್ನೊಂದು, ವೇದಿಕೆಯ ಫಿಲ್ಲರ್. ‘ಮಾಡತಕ್ಕಂಥದ್ದು’, ‘ಹೇಳುವಂಥ ಕೆಲಸ ಆಗ್ತಾ ಇದೆ’, ‘ಅನ್ನುವಂಥ ಒಂದು ಮಾತನ್ನ’. ಟಿವಿ ವರದಿಗಾರರು ನೇರಪ್ರಸಾರದಲ್ಲಿ ನಿಂತಾಗ ಇದು ಧಾರಾಳ. ಗಂಭೀರವಾಗಿ ಕೇಳಿಸುತ್ತದೆ, ಆದ್ದರಿಂದ ಯಾರೂ ಫಿಲ್ಲರ್ ಅನ್ನುವುದಿಲ್ಲ. ‘ಪೊಲೀಸರು ಹುಡುಕುತ್ತಿದ್ದಾರೆ’ ಎಂಬ ಎರಡು ಪದದ ವಿಷಯ ‘ಪೊಲೀಸರು ಹುಡುಕುವಂಥ ಒಂದು ಪ್ರಯತ್ನವನ್ನ ಮಾಡ್ತಾ ಇರುವಂಥದ್ದು’ ಆಗುತ್ತದೆ. ಹೊಸ ಸುದ್ದಿ ಬರುವವರೆಗೆ ಆ ಹುಡುಗ ಹುಡುಗಿಯರು ಕ್ಯಾಮೆರಾ ಮುಂದೆ ಏನಾದರೂ ಹೇಳುತ್ತಲೇ ಇರಬೇಕು. ಕಾರಣ ಕ್ಯಾರೋಲಿನ್ ಅವರದ್ದೇ: ಹೇಳಲು ಉತ್ತರ ಇನ್ನೂ ಇಲ್ಲ, ಸುಮ್ಮನಿರಲು ಅನುಮತಿಯೂ ಇಲ್ಲ.

ಆಮೇಲೆ

ಕ್ಯಾರೋಲಿನ್ ಕೆನೆಡಿ 2013ರಲ್ಲಿ ಜಪಾನಿಗೆ ಅಮೆರಿಕದ ರಾಯಭಾರಿಯಾದರು. ಆ ಹುದ್ದೆಗೆ ಬಂದ ಮೊದಲ ಮಹಿಳೆ. ಅದಕ್ಕೂ ಮುಂಚೆ ಸೆನೆಟ್ ಸಮಿತಿಯ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಯಿತು. ಅಲ್ಲಿ ಬರೆದುಕೊಂಡು ಬಂದ ಹೇಳಿಕೆ ಇರುತ್ತದೆ, ಪ್ರಶ್ನೆಗಳ ವ್ಯಾಪ್ತಿ ಮೊದಲೇ ಗೊತ್ತಿರುತ್ತದೆ, ತಯಾರಿಗೆ ವಾರಗಟ್ಟಲೆ ಸಮಯ ಇರುತ್ತದೆ. ಸೆನೆಟ್ ಒಪ್ಪಿಗೆ ಕೊಟ್ಟಿತು. 2022ರಲ್ಲಿ ಆಸ್ಟ್ರೇಲಿಯಾಕ್ಕೆ ಅಮೆರಿಕದ ರಾಯಭಾರಿಯೂ ಆದರು.

ಈ ವಿಧಾನಗಳನ್ನು ಬಳಸುವವರಿಗೆ ಕೊನೆಯದಾಗಿ ಒಂದು ಎಚ್ಚರಿಕೆ. ಇಲ್ಲಿ ಹೇಳಿದ್ದೆಲ್ಲ ಫಿಲ್ಲರ್ ಪದಗಳಿಗೆ ಮಾತ್ರ. ಉಗ್ಗು ಇರುವವರಲ್ಲಿ ಒಂದೇ ಅಕ್ಷರ ಮರುಕಳಿಸುತ್ತದೆ, ಪದ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಕೆಲವರು ಆ ಪದವನ್ನು ದಾಟಲು ‘ಅಂದ್ರೆ’, ‘ಅದು’ ಎಂದು ಸೇರಿಸುತ್ತಾರೆ. ಅಂಥವರ ಎದುರು ಕೂತು ಫಿಲ್ಲರ್ ಎಣಿಸಬಾರದು, ಅದರಿಂದ ಭಯ ಹೆಚ್ಚುತ್ತದೆ. ಮಗುವಾಗಲಿ ದೊಡ್ಡವರಾಗಲಿ, ವಾಕ್ ತಜ್ಞರನ್ನು ಕಾಣಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಪರೀಕ್ಷೆ ಮತ್ತು ಚಿಕಿತ್ಸೆ ಸಿಗುತ್ತದೆ.